ಎದುರಿನ ಸ್ಟೂಲು

ಮೈದುನನ ಸುದ್ದಿ ಅತ್ತಿಗೆಯ ಕಿವಿಗೆ ಮೊದಲು ಬಿದ್ದಾಗ ಅವಳಿನ್ನೂ ಯಾರಿಗೂ ಅತ್ತಿಗೆಯಾಗಿರಲಿಲ್ಲ. ಮದುವೆಯ ಮಾತುಕತೆಗೆಂದು ಹೋಗಿದ್ದ ಸೋದರಮಾವ ಬೆವರು ಒರೆಸಿಕೊಳ್ಳುತ್ತಾ ಬಂದು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ್ದರು.

"ಹುಡುಗ ಬಂಗಾರ, ಎರಡು ಮಾತಿಲ್ಲ. ಆದ್ರೆ ಅವನಿಗೊಬ್ಬ ತಮ್ಮ ಇದಾನೆ ನೋಡು, ಕಚೇರಿ ಮುಂದೆ ಕೂತು ಅರ್ಜಿ ಬರೆಯೋನು. ಒಪ್ಪಿಗೆ ಅಂತ ಎರಡು ಗೆರೆ ಬರೆದುಕೊಡಪ್ಪಾ ಅಂದ್ರೆ, 'ಎದುರಿಗೆ ಯಾರಾದ್ರೂ ಕೂತು ಹೇಳಿದ್ರೆ ಬರೀತೀನಿ, ಸುಮ್ಮನೆ ಗಾಳಿಗೆ ಬರೆಯೋದು ನನ್ನ ಕೈಲಿ ಆಗಲ್ಲ' ಅಂತಾನೆ! ಕೊನೆಗೆ ನಾನೇ ಆ ಉರಿಬಿಸಿಲಲ್ಲಿ ಅವನ ಸ್ಟೂಲ್ ಮೇಲೆ ಕೂತು, ನಮ್ಮ ಹುಡುಗಿ ಹಾಗೆ, ನಮ್ಮ ಹುಡುಗಿ ಹೀಗೆ ಅಂತ ಹೇಳಿ, ನಮಗೆ ಅವರು ಕೊಡಬೇಕಾದ ಒಪ್ಪಿಗೇನ ನಾನೇ ಬರೆಸ್ಕೊಂಡು ಬಂದೆ."

ಅವಳ ಅಮ್ಮ ಬಿದ್ದು ಬಿದ್ದು ನಕ್ಕಳು. ಅವಳಿಗೆ ಮಾತ್ರ ನಗು ಬರಲಿಲ್ಲ. ಇಂಥವನೊಬ್ಬ ಇರುವ ಮನೆಗೆ ಕಾಲಿಟ್ಟರೆ ತನ್ನ ಗತಿ ಏನು ಎಂದು ಬಾಗಿಲ ಹಿಂದೆ ನಿಂತು ಯೋಚಿಸಿದಳು. ಆ ಯೋಚನೆ ಸುಳ್ಳಾಗಲಿಲ್ಲ. ಜೀವಮಾನವೆಲ್ಲ ಸುಳ್ಳಾಗಲಿಲ್ಲ.

ಕಚೇರಿಯ ಕಾಂಪೌಂಡಿಗೆ ಒತ್ತಿಕೊಂಡು ಒಂದು ತಗಡಿನ ಚಪ್ಪರ, ಅದರಡಿ ಒಂದು ಮೇಜು, ಮೇಜಿನ ಮೇಲೆ ಟೈಪ್‌ರೈಟರು, ಎದುರಿಗೆ ಗಿರಾಕಿ ಕೂರಲು ಒಂದು ಮರದ ಸ್ಟೂಲು. ಇಷ್ಟೇ ಮೈದುನನ ಆಸ್ತಿ. ಪಕ್ಕದಲ್ಲಿ ಕೂರುವ ಉಳಿದ ಅರ್ಜಿಯವರು ಜನ ಬಾಯಿ ಬಿಡುವ ಮೊದಲೇ ಅರ್ಧ ಪುಟ ಬಡಿದು ಮುಗಿಸಿರುತ್ತಿದ್ದರು. ಇವನು ಹಾಗಲ್ಲ. ಗಿರಾಕಿ ಕೂರಬೇಕು, ನೀರು ಕುಡಿಯಬೇಕು, ತನ್ನ ಗೋಳು ಮೊದಲಿನಿಂದ ಹೇಳಬೇಕು, ಬೇಕಿದ್ದರೆ ಅಳಬೇಕು. ಇವನು ಗಲ್ಲಕ್ಕೆ ಕೈಕೊಟ್ಟು ಕೇಳುವನು. ಆಮೇಲೆ ಬೆರಳು ಆಡುತ್ತಿದ್ದವು. ತನ್ನ ಮಗಳ ಸ್ಕೂಲಿಗೆ ಬರೆಯುವ ರಜಾ ಚೀಟಿಗೂ ಅದೇ ಹಠ: "ನಿಂಗೇನಾಗಿದೆ ಅಂತ ಎದುರಿಗೆ ಕೂತು ಹೇಳು, ಬರೀತೀನಿ." ಮಗು ಜ್ವರದಲ್ಲಿ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿತ್ತು. ಅತ್ತಿಗೆ ಹೋಗಿ ಎತ್ತಿಕೊಂಡು ಬರುತ್ತಿದ್ದಳು.

ಕಾಲ ಉರುಳಿತು. ಅತ್ತಿಗೆಯ ಗಂಡ ಹೋದರು. ಮೈದುನನ ಹೆಂಡತಿಯೂ ಹೋದಳು. ಮಗಳು ಮದುವೆಯಾಗಿ ಬೇರೆ ಊರು ಸೇರಿದಳು. ಮೈದುನ ಅಣ್ಣನ ಮನೆಯ ಹಿಂದಿನ ಕೋಣೆಗೆ ಬಂದ. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತದೆ. ಪ್ಲಗ್ಗು ಸಡಿಲವಾಗಿ, ಬೆಂಕಿಪೊಟ್ಟಣ ಸಿಕ್ಕಿಸಿದರೆ ಮಾತ್ರ ಕರೆಂಟು ಬರುತ್ತದೆ. ಮುಂದಿನ ಕೋಣೆಯಲ್ಲಿ ಅತ್ತಿಗೆ ದರ್ಜಿಯ ಅಂಗಡಿಯಿಂದ ಬರುವ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವಳು. ಮಗ ಲಾರಿಯ ಮೇಲೆ ಊರೂರು ತಿರುಗುವವನು. ಸೊಸೆ ಆಸ್ಪತ್ರೆಯೊಂದರ ಬಿಲ್ಲಿನ ಕೌಂಟರಿನಲ್ಲಿ ಕೂರುವವಳು.

ಹೀಗಿರುವಾಗ ಕಚೇರಿಯವರು ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಹೆಸರು ಒತ್ತು, ಊರು ಒತ್ತು, ಕಾರಣ ಅಂತ ಇರುವ ಖಾನೆಯಲ್ಲಿ ಒಂದನ್ನು ಆರಿಸು, ಮುಗಿಯಿತು. ಚಪ್ಪರ ಕಿತ್ತರು. ಮೈದುನ ಒಂದು ಕೈಯಲ್ಲಿ ಟೈಪ್‌ರೈಟರು, ಇನ್ನೊಂದು ಕೈಯಲ್ಲಿ ಸ್ಟೂಲು ಹಿಡಿದು ಮನೆಗೆ ಬಂದ.

"ಟೈಪ್‌ರೈಟರು ಸರಿ, ಆ ಸ್ಟೂಲ್ ಯಾಕೆ ಹೊತ್ಕೊಂಡು ಬಂದೆ? ಮನೇಲಿ ಕಾಲಿಡೋಕೆ ಜಾಗ ಇಲ್ಲ," ಎಂದಳು ಅತ್ತಿಗೆ.

"ಅದಿಲ್ದೆ ಇದು ಓಡಲ್ಲ ಅತ್ತಿಗೆ."

ಸುದ್ದಿ ಕೇಳಿದ ಮಗಳು ಫೋನು ಮಾಡಿದಳು. ಅವಳ ಗಂಡನದು ಟೈರಿನ ಅಂಗಡಿ. ಗಲ್ಲಾದ ಹತ್ತಿರ ಕೂರಲು ನಂಬಿಕಸ್ತ ಮನುಷ್ಯ ಬೇಕಂತೆ. "ಅಪ್ಪಾ, ಬಂದುಬಿಡು. ಫ್ಯಾನ್ ಕೆಳಗೆ ಕೂತಿರೋದು ಅಷ್ಟೇ ಕೆಲಸ."

"ನಂಗೆ ಬರೆಯೋ ಕೆಲಸ ಇದೆಯಮ್ಮಾ."

"ಎಲ್ಲಿದೆ?"

ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಬೇಸಿಗೆ ಮುಗಿಯುವುದರೊಳಗೆ ಬರವಣಿಗೆಯಿಂದ ನಾಲ್ಕು ಕಾಸು ದುಡಿದು ತೋರಿಸಿದರೆ ಸರಿ, ಇಲ್ಲದಿದ್ದರೆ ಟೈರಿನ ಅಂಗಡಿ.

ಇಂಟರ್ನೆಟ್ಟಿನ ಹುಳ ಬಿಟ್ಟವಳು ಸೊಸೆ. "ಚಿಕ್ಕಮಾವಾ, ಈಗ ಮನೇಲಿ ಕೂತೇ ಬರೆದು ದುಡೀತಾರೆ. ಬರೆಯೋರು ಬೇಕು ಅಂತ ಕಂಪನಿಗಳು ಹಾಕಿರ್ತಾವೆ. ನಾವು ನಮ್ಮ ಬಗ್ಗೆ ಬರೆದು ಹಾಕಿದ್ರೆ ಆಯ್ತು, ಅವರೇ ಕರೀತಾರೆ." ತನ್ನ ಹಳೆಯ ಲ್ಯಾಪ್‌ಟಾಪನ್ನೂ ಕೊಟ್ಟಳು. ಅದರ ಮುಚ್ಚಳ ನಿಲ್ಲುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಗೆ ಒರಗಿಸಿ ನಿಲ್ಲಿಸಬೇಕಿತ್ತು. ಅಂದಿನಿಂದ ಮನೆಯಲ್ಲಿ ಯಾರ ಬಟ್ಟೆಗೂ ಇಸ್ತ್ರಿ ಇಲ್ಲದಾಯಿತು.

'ನಿಮ್ಮ ಬಗ್ಗೆ ಬರೆಯಿರಿ' ಎಂದು ಪರದೆ ಕೇಳಿತು. ಮೈದುನ ಬರೆದ: "ಮಾನ್ಯರೇ, ವಿಷಯ: ಬರವಣಿಗೆ ಕೆಲಸ ದಯಪಾಲಿಸುವ ಬಗ್ಗೆ. ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ..." ಸೊಸೆ ಓದಿ ಹಣೆ ಚಚ್ಚಿಕೊಂಡಳು. "ಚಿಕ್ಕಮಾವಾ, ಇದು ಅರ್ಜಿ ಅಲ್ಲ!"

"ಕೆಲಸ ಕೊಡಿ ಅಂತ ಕೇಳೋದು ಅರ್ಜಿಯಲ್ದೆ ಮತ್ತೇನು?"

ಹಾಗೇ ಹಾಕಿದರು. ವಾರಗಟ್ಟಲೆ ನಾಯಿಯೂ ಮೂಸಲಿಲ್ಲ. ಆಮೇಲೆ ಒಬ್ಬರು ಕರೆದರು, ಕೆಲಸ ಬೇಕಾದರೆ ಮೊದಲು ನೀವೇ ದುಡ್ಡು ಕಟ್ಟಿ ಎಂದರು. ಮೈದುನ ದುಡ್ಡಿನ ಪೆಟ್ಟಿಗೆ ತೆರೆಯಲು ಎದ್ದೇಬಿಟ್ಟಿದ್ದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ಕೂಲಿಗೆ ಕರೆದೋರು ಕೂಲಿ ಕೊಡಬೇಕೋ, ಕೂಲಿಯವನ ಹತ್ರಾನೇ ಕಿತ್ಕೋಬೇಕೋ? ಇಷ್ಟು ವರ್ಷ ಮೋಸ ಹೋದೋರ ಅರ್ಜಿ ಬರೆದು ಕಲಿತಿದ್ದು ಇದೇನಾ?"

ಕೊನೆಗೊಂದು ಹಾಸಿಗೆ ಕಂಪನಿ ಮಾದರಿಗೆ ಒಂದು ಬರಹ ಕೇಳಿತು. ಹಿಡಿಸಿದರೆ ಮುಂದೆ ಕೆಲಸ, ಮಾದರಿಗೆ ಕಾಸಿಲ್ಲ. ಮೈದುನ ಸ್ನಾನ ಮಾಡಿ, ತೊಳೆದ ಅಂಗಿ ತೊಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತ. ಕೂತೇ ಇದ್ದ. ಊಟದ ಹೊತ್ತಾದರೂ ಪರದೆ ಬೆಳ್ಳಗೇ ಇತ್ತು.

"ಅತ್ತಿಗೇ," ಎಂದು ಕೂಗಿದ. "ಒಂದು ನಿಮಿಷ ಬನ್ನಿ. ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ."

"ಯಾಕೆ?"

"ನೀವೀಗ ಬೆನ್ನುನೋವಿನೋರು. ಹಾಸಿಗೆ ತಗೊಳ್ಳೋಕೆ ಬಂದಿದೀರ."

"ನಂಗೆ ಬೆನ್ನುನೋವಿಲ್ಲ. ಮಂಡಿನೋವು."

"ಕಂಪನಿಯೋರು ಬೆನ್ನು ಕೇಳಿದಾರೆ ಅತ್ತಿಗೆ. ಸ್ವಲ್ಪ ಹೊಂದಿಸ್ಕೊಳ್ಳಿ."

ಒಂದು ನಿಮಿಷವಂತೆ! ಅತ್ತಿಗೆಯ ಮಡಿಲಲ್ಲಿ ಗುಂಡಿ ಹಚ್ಚದ ಅಂಗಿ, ಬಾಯಲ್ಲಿ ದಾರ, ಒಳಗೆ ಒಲೆಯ ಮೇಲೆ ಹಾಲು. ಬೆನ್ನು ಹೇಗೆ ನೋಯುತ್ತದೆ, ಎದ್ದಾಗ ಹೆಚ್ಚೋ ಕೂತಾಗ ಹೆಚ್ಚೋ, ಮೊದಲು ಯಾವ ಹಾಸಿಗೆ ಇತ್ತು, ಅದಕ್ಕೇನಾಯಿತು ಎಂದು ಪೊಲೀಸಿನವರಂತೆ ಕೇಳಿದ. ಹಾಲು ಉಕ್ಕಿ ಒಲೆ ಆರಿದ ಮೇಲೆ ಬರಹ ಮುಗಿಯಿತು. ಹೆಮ್ಮೆಯಿಂದ ಓದಿ ಹೇಳಿದ. ನಡುವಿನದೇನೋ ಚೆನ್ನಾಗಿಯೇ ಇತ್ತು. ಕೊನೆ ಮಾತ್ರ ಹೀಗಿತ್ತು: "ಆದ್ದರಿಂದ ಮಾನ್ಯ ಗಿರಾಕಿಗಳು ಸದರಿ ಹಾಸಿಗೆಯನ್ನು ಕೊಂಡು, ಬೆನ್ನುನೋವಿನಿಂದ ನರಳುತ್ತಿರುವ ಈ ಬಡ ವಿಧವೆಗೆ ನ್ಯಾಯ ದೊರಕಿಸಿಕೊಡಬೇಕಾಗಿ ಕಳಕಳಿಯ ಪ್ರಾರ್ಥನೆ."

"ಹಾಸಿಗೆ ಅವರು ತಗೊಂಡ್ರೆ ನನ್ನ ಬೆನ್ನು ಹೇಗಯ್ಯಾ ವಾಸಿಯಾಗುತ್ತೆ?"

"ಕೊನೆಗೆ ಪ್ರಾರ್ಥನೆ ಇಲ್ದೆ ಬಿಡೋದು ಹೇಗೆ? ಬರಿಗಾಲಲ್ಲಿ ನಿಲ್ಲಿಸಿದ ಹಾಗಾಗುತ್ತೆ."

ಕಂಪನಿಯವರು ಹಿಡಿಸಲಿಲ್ಲ ಎಂದರು. ಕೆಲವು ದಿನಗಳ ಮೇಲೆ ಸೊಸೆ ಆಸ್ಪತ್ರೆಯಿಂದ ಬಂದವಳೇ ಫೋನು ಮುಂದೆ ಹಿಡಿದಳು. ಅದೇ ಕಂಪನಿ, ಅದೇ ಬರಹ. ತಲೆ ಬಾಲ ಕತ್ತರಿಸಿ ನಡುವಿನದನ್ನು ಇದ್ದ ಹಾಗೇ ಹಾಕಿಕೊಂಡಿದ್ದರು. ಅತ್ತಿಗೆಗೆ ಮೈಯೆಲ್ಲ ಉರಿಯಿತು. ಮೈದುನ ಮಾತ್ರ ಕನ್ನಡಕ ಒರೆಸಿ ಎರಡೆರಡು ಸಲ ಓದಿ, "ನಂದು ಹಾಕಿದಾರೆ ನೋಡಿ!" ಎಂದು ಹಿಗ್ಗಿದ.

"ಹಾಕಿದಾರೋ ಕದ್ದಿದಾರೋ? ನನ್ನ ಬೆನ್ನು, ನಿನ್ನ ಬೆರಳು, ಅವರ ಹಾಸಿಗೆ! ಹಿಗ್ಗೋಕೆ ನಾಚಿಕೆ ಆಗಲ್ವಾ?"

ನಾಚಿಕೆ ಆಗಲಿಲ್ಲ. ಶಾಂಪೂ ಕಂಪನಿಗೂ ಮಾದರಿ ಬರೆದ.

"ಅತ್ತಿಗೆ, ನಿಮಗೀಗ ಇಪ್ಪತ್ತೆರಡು ವರ್ಷ. ಕೂದಲು ಉದುರ್ತಾ ಇದೆ."

"ಇಪ್ಪತ್ತೆರಡರಲ್ಲಿ ನನ್ನ ಜಡೆ ಮಂಡಿ ಮುಟ್ಟುತ್ತಿತ್ತು. ಉದುರೋಕೆ ಶುರುವಾಗಿದ್ದು ನಿಮ್ಮನೆ ಸೇರಿದ ಮೇಲೆ."

"ಹಾಗಾದ್ರೆ ಅದನ್ನೇ ಹೇಳಿ, ಅದನ್ನೇ ಹೇಳಿ," ಎಂದು ಟಕಟಕ ಹೊಡೆಯತೊಡಗಿದ. ಅದೂ ಹಿಡಿಸಲಿಲ್ಲ. ಟೂತ್‌ಪೇಸ್ಟಿನವರಿಗೂ ಹಿಡಿಸಲಿಲ್ಲ. ಇನ್ನೊಬ್ಬರು, "ಬರೆಯೋದು ಯಂತ್ರವೇ ಬರೆಯುತ್ತೆ, ನೀವು ಸ್ವಲ್ಪ ತಿದ್ದಿಕೊಟ್ಟರೆ ಸಾಕು" ಎಂದು ಪುಟಗಟ್ಟಲೆ ಕಳಿಸಿದರು. ಮೈದುನ ಒಂದು ಪುಟ ಓದಿದ, ಸ್ಟೂಲಿನ ಕಡೆ ನೋಡಿದ, "ಇದನ್ನ ಬರೆದಾಗ ಎದುರಿಗೆ ಯಾರೂ ಕೂತಿರಲಿಲ್ಲ" ಎಂದು ಮುಚ್ಚಿಟ್ಟ.

"ಯಾರು ಕೂತಿದ್ರೇನು ಬಿಟ್ಟಿದ್ರೇನು? ತಿದ್ದಿದ್ರೆ ಕಾಸು ಬರ್ತಿತ್ತಲ್ಲ!" ಅತ್ತಿಗೆಯ ದನಿ ಏರಿತು. "ಬೇಸಿಗೆ ಮುಗೀತಾ ಬಂತು. ನಿನ್ನ ಮಗಳು ಬಂದು ನಿಂತ್ರೆ ಏನು ತೋರಿಸ್ತೀಯ, ನನ್ನ ಬೆನ್ನಾ?"

ಅವನು ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ತಿಳಿಯದ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ತಲೆ ಅಲ್ಲಾಡಿಸುವುದು ಅವನ ಹಳೆಯ ಚಾಳಿ.

ಅದೇ ಹೊತ್ತಿಗೆ ಫ್ಯಾನಿನ ಪುರಾಣ ಶುರುವಾಯಿತು. ಸೊಸೆ ಇಂಟರ್ನೆಟ್ಟಿನಲ್ಲಿ ಒಂದು ಮೇಜಿನ ಫ್ಯಾನು ತರಿಸಿದ್ದಳು. ಬಂದದ್ದರ ಒಂದು ರೆಕ್ಕೆ ಸೊಟ್ಟ. ಹಚ್ಚಿದರೆ ಗಾಳಿಯಿಲ್ಲ, ಮೇಜಿನ ಮೇಲೆ ಕುಣಿಯುತ್ತಾ ಅಂಚಿಗೆ ಬರುತ್ತಿತ್ತು. ಬದಲಿಸಿ ಎಂದು ಎಷ್ಟು ಸಲ ಬರೆದರೂ ಕಂಪನಿಯಿಂದ ಒಂದೇ ಉತ್ತರ: 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.' ಒಂದು ದಿನ ಅತ್ತಿಗೆ ಸ್ಟೂಲಿನ ಮೇಲೆ ಕೂತಿದ್ದು ಸೋಪಿನ ಪುಡಿಯ ಗಿರಾಕಿಯಾಗಿ. ಸೆಕೆ ತಡೆಯಲಾಗದೆ ಫ್ಯಾನು ಹಚ್ಚಿದರೆ ಅದು ಕುಣಿಯುತ್ತಾ ಬಂದು ಗುಂಡಿಯ ಡಬ್ಬಿಯನ್ನು ಉರುಳಿಸಿತು. ನೂರಾರು ಗುಂಡಿ ಮಂಚದಡಿಗೆ ಹರಿದವು. ಅತ್ತಿಗೆಯ ಸಹನೆಯೂ ಅದರ ಹಿಂದೆಯೇ ಹರಿದುಹೋಯಿತು.

"ಅನಿಸಿಕೆ ಅಂತೆ, ಅಮೂಲ್ಯ ಅಂತೆ! ಅಮೂಲ್ಯ ಆದ್ರೆ ಡಬ್ಬಿಗೆ ಹಾಕಿ ಬೀಗ ಹಾಕ್ಕೊಳ್ಳಲಿ, ಫ್ಯಾನ್ ಕೊಡ್ಲಿ! ಇದು ಗಾಳಿ ಬೀಸೋಕೆ ಬಂದಿದ್ಯೋ, ತಲೆ ಅಲ್ಲಾಡಿಸೋಕೆ ಬಂದಿದ್ಯೋ? ತಲೆ ಅಲ್ಲಾಡಿಸೋಕೆ ಮನೇಲಿ ಆಗ್ಲೇ ಒಬ್ಬ ಇದಾನೆ, ಇನ್ನೊಂದಕ್ಕೆ ದುಡ್ಡು ಯಾಕೆ ಕೊಡಬೇಕು? ಸೊಸೆ ದಿನವಿಡೀ ಊರಿನ ರೋಗಿಗಳ ಬೈಗುಳ ತಿಂದು ದುಡಿದಿದ್ದು ಕಣಯ್ಯಾ ಅದು. ಮನೆಗೆ ಬಂದು ಒಂದು ಗಳಿಗೆ ತಣ್ಣಗೆ ಕೂರಲಿ ಅಂತ ತರಿಸಿದ್ದು. ಸೊಟ್ಟ ರೆಕ್ಕೆ ಕಳಿಸಿದೋನ ತಲೆ ಮೇಲೆ ಅದೇ ಫ್ಯಾನ್ ತಿರುಗ್ಲಿ, ಆಗ ಗೊತ್ತಾಗುತ್ತೆ..."

ಟಕಟಕ ಸದ್ದು ಕೇಳಿ ನೋಡಿದಳು. ಮೈದುನ ಮಳೆ ಹೊಯ್ದ ಹಾಗೆ ಬರೆಯುತ್ತಿದ್ದ.

"ನಿಲ್ಲಿಸಬೇಡಿ ಅತ್ತಿಗೆ. ತಲೆ ಮೇಲೆ ತಿರುಗ್ಲಿ, ಆಮೇಲೆ?"

ಮೇಲೆ 'ಮಾನ್ಯರೇ', ಕೆಳಗೆ 'ಕಳಕಳಿಯ ಪ್ರಾರ್ಥನೆ', ನಡುವೆ ಅತ್ತಿಗೆ. ಸೊಸೆ ಅದನ್ನು ಕಂಪನಿಗೆ ಕಳಿಸಿಯೇಬಿಟ್ಟಳು. ಮರುದಿನವೇ ಒಬ್ಬ ಹುಡುಗಿ ಫೋನು ಮಾಡಿ, "ಅಮ್ಮಾ, ಹೊಸ ಫ್ಯಾನ್ ಹೊರಟಿದೆ. ದಯವಿಟ್ಟು ಇನ್ನೊಂದು ಸಲ ಬರೀಬೇಡಿ" ಎಂದಳು.

ಸೊಸೆಯ ತಲೆಯಲ್ಲಿ ದೀಪ ಹತ್ತಿತು. ಇಂಟರ್ನೆಟ್ಟಿನಲ್ಲಿ ಮೈದುನನ ಹಳೆಯ ಅರಿಕೆಯನ್ನು ಕಿತ್ತು ಒಂದೇ ಗೆರೆ ಹಾಕಿದಳು: ಕೊಂಡ ವಸ್ತು ಕೆಟ್ಟಿದೆಯೇ, ಯಾರೂ ಕೇಳುತ್ತಿಲ್ಲವೇ, ದೂರು ಬರೆದುಕೊಡಲಾಗುವುದು.

ಮೊದಲು ಬಂದವಳು ಚಕ್ರ ಮುರಿದ ಸೂಟ್‌ಕೇಸಿನವಳು. ಎಲ್ಲೋ ದೂರದ ಊರು, ಮುಖವಿಲ್ಲ, ದನಿಯಿಲ್ಲ, ಬರೆದು ಕಳಿಸಿದ್ದು ಒಂದೂವರೆ ಗೆರೆ. ಮೈದುನ, "ಫೋನಲ್ಲಾದ್ರೂ ಎದುರಿಗೆ ಬಂದು ಹೇಳಮ್ಮಾ" ಎಂದು ಬೇಡಿಕೊಂಡ. "ಪುರುಸೊತ್ತಿಲ್ಲ, ನೀವೇ ಏನಾದ್ರೂ ಬರೀರಿ" ಎಂದಳು. ಸರಿ, ಅತ್ತಿಗೆ ಸೂಟ್‌ಕೇಸಿನವಳಾದಳು. ಜನ್ಮದಲ್ಲಿ ಸೂಟ್‌ಕೇಸು ಎಳೆದವಳಲ್ಲ. ಆದರೆ ತುಂಬಿದ ನೀರಿನ ಡ್ರಮ್ಮು ಎಳೆದಿದ್ದಳು, ಕೆಟ್ಟ ಹೊಲಿಗೆ ಯಂತ್ರವನ್ನು ರಿಪೇರಿಯವನ ಬಾಗಿಲಿಗೆ ಎಳೆದಿದ್ದಳು, ಅವನು ನಾಳೆ ಬಾ ಎಂದಾಗ ವಾಪಸು ಎಳೆದಿದ್ದಳು. ಅದನ್ನೇ ಬಯ್ದಳು. ಅವನು ಅದನ್ನೇ ಬರೆದ. ಆ ಹೆಂಗಸಿಗೆ ಹೊಸ ಸೂಟ್‌ಕೇಸು ಬಂತು. ಮೈದುನನಿಗೆ ಕೂಲಿ ಬಂತು, ಇಂಟರ್ನೆಟ್ಟಿನಿಂದ ಬಂದ ಮೊದಲ ಕೂಲಿ. ಅವನು ಪೇಟೆಗೆ ಹೋಗಿ ಏನೋ ಕಟ್ಟಿಸಿಕೊಂಡು ಬಂದ. ಬಿಚ್ಚಿದರೆ ಸ್ಟೂಲಿನ ಮೇಲೆ ಹಾಕುವ ದುಂಡನೆಯ ಮೆತ್ತೆ.

"ಗಟ್ಟಿ ಸ್ಟೂಲು, ಕೂರೋಕಾಗಲ್ಲ ಅಂತಿದ್ರಲ್ಲ," ಎಂದ.

ಅತ್ತಿಗೆ ಮೆತ್ತೆಯನ್ನು ತಿರುವಿ ನೋಡಿದಳು. ಹೊಲಿಗೆ ಸರಿಯಿರಲಿಲ್ಲ. ಬಿಚ್ಚಿ ತಾನೇ ಮತ್ತೆ ಹೊಲಿದಳು.

ಆಮೇಲೆ ಒಂದರ ಹಿಂದೊಂದು ಬಂದವು. ಒಂದೇ ಕಾಲಿನ ಎರಡು ಶೂ ಬಂದವನು, ಕುದಿಯದ ಕೆಟಲಿನವಳು, ಗಳಿಗೆಗೊಮ್ಮೆ ನಿಲ್ಲುವ ಗಡಿಯಾರದವರು. ಅತ್ತಿಗೆ ದಿನಕ್ಕೊಬ್ಬ ಗಿರಾಕಿಯಾಗಿ ಬಯ್ದಳು. ಗುಂಡಿ ಹಚ್ಚುವ ಕೆಲಸ ಹಿಂದೆ ಬಿದ್ದು, ದರ್ಜಿ ಬಾಗಿಲಿಗೆ ಬಂದು ಗೊಣಗಿದ. ಅವನಿಗೂ ಬಯ್ದಳು. ಒಳಗಿನಿಂದ, "ಅತ್ತಿಗೆ, ಸ್ವಲ್ಪ ಮೆಲ್ಲಗೆ, ಇದನ್ನೂ ಬರ್ಕೊಳ್ತೀನಿ" ಎಂಬ ದನಿ ಬಂತು. "ನಿನ್ನ ಮಗಳು ಬೇಗ ಬಂದು ಕರ್ಕೊಂಡು ಹೋಗ್ಲಿ, ನಂಗೊಂದು ಮುಕ್ತಿ ಸಿಗುತ್ತೆ!" ಎಂದು ಅವಳು ನಿತ್ಯ ಹೇಳಿದ್ದೇ ಹೇಳಿದ್ದು.

ಮಗಳು ಬಂದೇಬಿಟ್ಟಳು. ಟೈರ್ ಅಂಗಡಿಯ ವ್ಯಾನಿನಲ್ಲಿ, ಗಂಡನ ಡ್ರೈವರನ್ನೂ ಕರೆದುಕೊಂಡು. ಮೈದುನ ಗೆದ್ದವನ ಗತ್ತಿನಲ್ಲಿ ಲ್ಯಾಪ್‌ಟಾಪು ತೆರೆದು ಬಂದ ಕೆಲಸ, ಬಂದ ಕೂಲಿ ಎಲ್ಲ ತೋರಿಸಿದ. ಮಗಳು ನೋಡಿದಳು. ನಿಜಕ್ಕೂ ಖುಷಿಪಟ್ಟಳು.

"ಒಳ್ಳೇದೇ ಆಯ್ತಲ್ಲಪ್ಪಾ! ಇಂಟರ್ನೆಟ್ ಅಂದ ಮೇಲೆ ಎಲ್ಲಿ ಕೂತು ಬರೆದ್ರೇನು? ಗಲ್ಲಾ ಹತ್ರ ಕೂತೇ ಬರಿ. ಅಲ್ಲಿ ಪ್ಲಗ್ಗೂ ಚೆನ್ನಾಗಿದೆ."

ಆ ಮಾತಿನಲ್ಲಿ ತಪ್ಪು ಹುಡುಕಲು ಮೈದುನನಿಂದಾಗಲಿಲ್ಲ. ಯಾವುದು ತನ್ನನ್ನು ಇಲ್ಲಿ ಉಳಿಸುತ್ತದೆ ಎಂದು ಬೇಸಿಗೆಯೆಲ್ಲ ಒದ್ದಾಡಿದ್ದನೋ ಅದೇ ಅವನನ್ನು ವ್ಯಾನು ಹತ್ತಿಸಲು ನಿಂತಿತ್ತು. ತಲೆ ಅಲ್ಲಾಡಿಸಿದ. ಮಗಳು ಅದನ್ನು ಹೌದು ಎಂದುಕೊಂಡಳು. ಅವನು ಹೋಗಿ ಹಗ್ಗದ ಮೇಲಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದ.

ಅತ್ತಿಗೆಗೆ ಅವನ ಮೇಲೆ ಅದುವರೆಗೆ ಬಂದ ಸಿಟ್ಟೆಲ್ಲ ಒಂದು ತೂಕ, ಆಗ ಬಂದ ಸಿಟ್ಟು ಒಂದು ತೂಕ. ಊರಿನ ಮಂದಿಯ ಪರವಾಗಿ ಕಚೇರಿಯ ಬಾಗಿಲು ಬಡಿದವನು ತನ್ನ ಪರವಾಗಿ ತುಟಿ ಎರಡು ಮಾಡುತ್ತಿಲ್ಲ! ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದಳು.

"ಅಂಗಿ ಅಲ್ಲಿಡು. ಬಂದು ಸ್ಟೂಲ್ ಮೇಲೆ ಕೂತ್ಕೋ."

"ನಾನಾ?"

"ನೀನೇ. ಅಮ್ಮಾ, ನೀನು ನಿಮ್ಮಪ್ಪನ ಕುರ್ಚೀಲಿ ಕೂತ್ಕೋ. ಅವನು ಹೇಳ್ತಾನೆ, ನೀನು ಬರಿ."

"ಏನು ದೊಡ್ಡಮ್ಮಾ ಇದು, ಡ್ರೈವರ್ ಕಾಯ್ತಿದಾನೆ..."

"ಕಾಯ್ಲಿ. ಜ್ವರದಲ್ಲಿ ನಿನ್ನನ್ನ ಇದೇ ಸ್ಟೂಲ್ ಮೇಲೆ ಕೂರಿಸಿ ಕಾಯಿಸ್ತಿದ್ದ. ಇವತ್ತು ಅವನ ಸರದಿ."

ಮಗಳು ನಗುತ್ತಲೇ ಕುರ್ಚಿಯಲ್ಲಿ ಕೂತು ಬೆರಳು ಕೀಲಿಗಳ ಮೇಲಿಟ್ಟಳು. ಮೈದುನ ಸ್ಟೂಲಿನ ಅಂಚಿಗೆ ಕೂತ. ಅತ್ತಿಗೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಕೈಗಿಟ್ಟಳು. ಗಿರಾಕಿಗೆ ಮೊದಲು ನೀರು ಕೊಡುವುದು ಅವನದೇ ಪದ್ಧತಿ. ಅವನು ಕುಡಿದ. ಯಾರೂ ಅವಸರಿಸಲಿಲ್ಲ.

"ಟೈರ್ ಅಂಗಡೀಲಿ..." ಎಂದ. ಲೋಟ ಕೆಳಗಿಟ್ಟ. "ಬರೋರೆಲ್ಲ ರೇಟು ಕೇಳ್ತಾರೆ, ಹೋಗ್ತಾರೆ ಕಣಮ್ಮಾ. ಕೂತು ಹೇಳೋರು ಯಾರೂ ಇಲ್ಲ. ಹೇಳೋರಿಲ್ದೆ ನಂಗೆ ಬರೆಯೋಕೆ ಬರಲ್ಲ. ನಂಗೆ ಅಷ್ಟೇ ಬರೋದು. ಇಲ್ಲಿ ನಿಮ್ಮ ದೊಡ್ಡಮ್ಮ ಬಯ್ತಾರೆ. ಅವರು ಬಯ್ದಿದ್ದನ್ನ ನಾನು ಬರೀತೀನಿ. ಕೆಲಸ ಇರೋದು ಇಂಟರ್ನೆಟ್ಟಲ್ಲಿ ಅಲ್ಲಮ್ಮಾ, ಇಲ್ಲಿದೆ." ಕೂತಿದ್ದ ಮೆತ್ತೆಯನ್ನು ಮುಟ್ಟಿ ತೋರಿಸಿದ. "ನಾನು ಇಲ್ಲೇ ಇರ್ತೀನಿ. ಬೇಜಾರು ಮಾಡ್ಕೋಬೇಡ."

ಮಗಳ ಬೆರಳು 'ಟೈರ್ ಅಂಗಡೀಲಿ' ಎಂಬಲ್ಲಿಗೇ ನಿಂತಿತ್ತು. ಅವಳು ಪರದೆ ನೋಡುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು, ಗಲ್ಲಕ್ಕೆ ಕೈಕೊಟ್ಟು, ಥೇಟ್ ಅವನ ಹಾಗೆ.

"ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಪ್ಪಾ?" ಎಂದಳು ಕೊನೆಗೆ, ಮೂಗು ಒರೆಸಿಕೊಂಡು.

"ನೀನು ಕೂತು ಕೇಳಿರಲಿಲ್ವಲ್ಲ."

ವ್ಯಾನು ಖಾಲಿ ಹೋಯಿತು. ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ. ಮಗಳು ಹಳೆಯ ಟೈಪ್‌ರೈಟರನ್ನು ಗಲ್ಲಾದ ಪಕ್ಕ ಇಡುತ್ತೇನೆಂದು ಒಯ್ದಳು. ಅದನ್ನು ಇಲ್ಲೇ ಬಿಟ್ಟಿದ್ದರೆ ಅತ್ತಿಗೆಗೆ ಇನ್ನೂ ಸಂತೋಷವಾಗುತ್ತಿತ್ತು. ಆಗಲಾದರೂ ಆ ಲ್ಯಾಪ್‌ಟಾಪನ್ನು ಅದಕ್ಕೆ ಒರಗಿಸಿ ಇಸ್ತ್ರಿಪೆಟ್ಟಿಗೆ ಬಿಟ್ಟುಕೊಡುತ್ತಿದ್ದನೋ ಏನೋ.

ತನ್ನ ಸ್ಥಿತಿಯನ್ನು ನೆನೆದರೆ ಅತ್ತಿಗೆಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತದೆ. ಕೈಗೆ ಬಂದ ಮುಕ್ತಿಯನ್ನು ತಾನೇ ಕಾಲಿಂದ ಒದ್ದವಳು ಇನ್ನಾರಿಗೆ ದೂರು ಹೇಳಬೇಕು? ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಾನೆ. ಇವತ್ತು ಬೆಳಿಗ್ಗೆ ಅವಳು ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಳು, ಸೂಜಿಗೆ ದಾರ ಕೂಡ ಪೋಣಿಸಿರಲಿಲ್ಲ. ಹಿಂದಿನ ಕೋಣೆಯಿಂದ ಮೆತ್ತೆ ತಟ್ಟಿ ಧೂಳು ಕೊಡವಿದ ಸದ್ದು ಬಂತು. ಅದರ ಹಿಂದೆಯೇ ಅವನ ದನಿ:

"ಅತ್ತಿಗೇ, ಒಂದೇ ನಿಮಿಷ. ಸೂಟ್‌ಕೇಸಿನವಳು ಮತ್ತೆ ಬರೆದಿದಾಳೆ, ಈ ಸಲ ಹಿಡಿಕೆ ಮುರಿದಿದೆಯಂತೆ. ಬನ್ನಿ, ಕೂತ್ಕೊಂಡು ಸ್ವಲ್ಪ ಬಯ್ಯಿರಿ."